ಹಳೇ ಲೆಕ್ಕ 11: ಒಂದೇ ಕಮಿಟಿ, ಎರಡು ಮದುವೆ

(1/9)
ಮೊದಲ ಫೋಟೋ ನಮ್ಮ ಮನೆಯ ಹಿಂದಿನ ಚಾವಡಿಯ ಹೆಂಚಿಂದು. ಝೂಮ್ ಮಾಡಿ ನೋಡಿ, ‘ಬಾಸೆಲ್ ಮಿಷನ್’ ಅಂತ ಅಚ್ಚು ಕಾಣ್ತದೆ. ಮಂಗಳೂರಿನವರಿಗೆ ಇದು ಹೊಸತಲ್ಲ, ಅರ್ಧ ಊರಿನ ಹಳೇ ಮಾಡಿನಲ್ಲಿ ಉಂಟು.

ಮಿಷನರಿ ಅಂದ ಕೂಡಲೇ ನಮ್ಮ ಕ್ಲಾಸಲ್ಲಿ ಎರಡೇ ಡೈಲಾಗ್ ಬರ್ತದೆ. ಒಂದು, “ಅವರು ಬಂದದ್ದೇ ಮತಾಂತರಕ್ಕೆ.” ಇನ್ನೊಂದು, “ಕನ್ನಡದ ಮೊದಲ ಪತ್ರಿಕೆ, ಕಿಟ್ಟೆಲ್ ನಿಘಂಟು, ಹೆಂಚಿನ ಫ್ಯಾಕ್ಟರಿ ಎಲ್ಲ ಕೊಟ್ಟದ್ದು ಅವರೇ ಅಲ್ವಾ?” ಎರಡೂ ಕಡೆಯವರು ಹೇಳಿ ಮುಗಿಸಿ ಕ್ಯಾಂಟೀನಿಗೆ ಹೋಗ್ತಾರೆ. ನಾನು ಕೇಳ್ಬೇಕು ಅಂತ ಇರೋದು ಮೂರನೇ ಪ್ರಶ್ನೆ. ಈ ಸಭೆಗೆ ಬೇರೆ ಬೇರೆ ದೇಶ, ಬೇರೆ ಬೇರೆ ಜಾತಿಯವರು ಸೇರಿದ ಮೇಲೆ ಒಳಗೆ ಅವರೆಲ್ಲ ಸಮ ಆದ್ರಾ?

ಯಾಕೆ ಈಗ ಈ ಪ್ರಶ್ನೆ ಅಂದ್ರೆ, ಮನೆಯಲ್ಲಿ ಒಂದು ವಿಷಯ ನಡೀತಾ ಉಂಟು. ನನ್ನ ಅಕ್ಕ ಒಬ್ಬರನ್ನು ಇಷ್ಟಪಟ್ಟಿದ್ದಾಳೆ. ಹುಡುಗ ಗದಗ ಕಡೆಯವರು. ಅವರ ಊರಿನ ಸಭೆಯೂ ಬಾಸೆಲ್ ಮಿಷನ್ನಿನವರೇ ಕಟ್ಟಿದ್ದು, ನಮ್ಮದೂ ಅದೇ. ಭಾನುವಾರ ಹಾಡೋ ಹಾಡುಗಳೂ ಹೆಚ್ಚುಕಮ್ಮಿ ಒಂದೇ. ಆದ್ರೂ ಅಪ್ಪ ಕೇಳಿದ ಮೊದಲ ಮಾತು, “ಅದು ಸರಿ, ಮೂಲದಲ್ಲಿ ಅವರು ಯಾರು?”

ಆ ಪ್ರಶ್ನೆ ತಲೆಯಿಂದ ಹೋಗ್ಲಿಲ್ಲ. ಅದಕ್ಕೇ ಈ ವಾರ ಹಳೇ ಪುಸ್ತಕ ತೆರೆದೆ. ಅಕ್ಕನ ಹತ್ರ ಕೇಳಿಯೇ ಬರೀತಾ ಇದ್ದೇನೆ. ಮುಂದಿನದ್ದಕ್ಕೆ ಸ್ವೈಪ್ ಮಾಡಿ.

(2/9)
ಮೊದಲು ಆಫೀಸಿನ ಪರಿಚಯ ಮಾಡ್ಕೊಳ್ಳುವ. ಬಾಸೆಲ್ ಅನ್ನೋದು ಸ್ವಿಟ್ಜರ್ಲೆಂಡಿನ ಊರು, ಜರ್ಮನಿಯ ಗಡಿಯಲ್ಲೇ ಉಂಟು. 1815ರಲ್ಲಿ ಅಲ್ಲಿ ಈ ಮಿಷನ್ ಶುರುವಾಯಿತು. ಅದನ್ನು ನಡೆಸ್ತಾ ಇದ್ದದ್ದು ಒಂದು ಕಮಿಟಿ. ಅದರಲ್ಲಿ ಊರಿನ ಅನುಕೂಲಸ್ಥ ಮನೆತನದವರು, ಪಾದ್ರಿಗಳು ಇದ್ದರು. ಅವರ ಕೈಕೆಳಗೆ ದಿನದ ಕೆಲಸ ನೋಡ್ಕೊಳ್ಳೋ ಮುಖ್ಯಸ್ಥನಿಗೆ ‘ಇನ್‌ಸ್ಪೆಕ್ಟರ್’ ಅಂತ ಹೆಸರು. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಆದ್ರೆ ಶಿಸ್ತು ಅದಕ್ಕಿಂತ ಕಮ್ಮಿಯೂ ಅಲ್ಲ.

ಹೊರದೇಶಕ್ಕೆ ಹೋದವರಲ್ಲಿ ಹೆಚ್ಚಿನವರು ಕಮಿಟಿಯವರಂತೆ ದುಡ್ಡಿನವರಲ್ಲ. ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು ತುಂಬ ಮಂದಿ. ಕಳಿಸುವವರು ಒಂದು ವರ್ಗ, ಹೋಗುವವರು ಇನ್ನೊಂದು ವರ್ಗ. ಇದು ನೆನಪಿರ್ಲಿ.

ಇವರಿಗೆ ಮದುವೆಯೂ ಸ್ವಂತ ವಿಷಯ ಅಲ್ಲ. ಕಮಿಟಿಯ ಅನುಮತಿ ಬೇಕು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಹುಡುಗಿ ಯುರೋಪಿನಿಂದ ಹಡಗು ಹತ್ತಿ ಬರ್ತಾಳೆ. ಎಷ್ಟೋ ಮಂದಿ ಹುಡುಗ ಹುಡುಗಿ ಮೊದಲ ಸಲ ಮುಖ ನೋಡಿದ್ದೇ ಬಂದರಿನಲ್ಲಿ. ನಮ್ಮ ಅರೇಂಜ್ಡ್ ಮ್ಯಾರೇಜಿಗೆ ನಗಾಡುವವರು ಇದನ್ನೂ ಸ್ವಲ್ಪ ಓದ್ಬೇಕು.

ಈ ಕಮಿಟಿ 1828ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದ್ರೆ ಇವತ್ತಿನ ಘಾನಾಕ್ಕೆ, ಜನ ಕಳಿಸಿತು. 1833ರ ಚಾರ್ಟರ್ ಕಾಯ್ದೆಯ ಮೇಲೆ ಕಂಪನಿ ಸರ್ಕಾರದ ಭಾರತಕ್ಕೆ ಬೇರೆ ದೇಶದ ಮಿಷನರಿಗಳಿಗೂ ದಾರಿ ಬಿಟ್ಟುಕೊಟ್ಟಿತು. 1834ರ ಕೊನೆಗೆ ಹೆಬಿಕ್, ಲೇನರ್, ಗ್ರೈನರ್ ಅಂತ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಮುಂದೆ ಘಾನಾದ ಕಾಗದ, ಮಂಗಳೂರಿನ ಕಾಗದ ಎರಡೂ ಒಂದೇ ಆಫೀಸಿನ ಮೇಜಿಗೆ ಹೋಗಿ ಬೀಳ್ತಿತ್ತು.

(3/9)
ಈಗ ಆಫ್ರಿಕಕ್ಕೆ ಹೋಗುವ. ಅಲ್ಲಿನ ಕಥೆ ಗೊತ್ತಿಲ್ಲದೆ ನಮ್ಮೂರಿನದ್ದು ಪೂರ್ತಿ ಅರ್ಥ ಆಗೋದಿಲ್ಲ.

ಗೋಲ್ಡ್ ಕೋಸ್ಟಿಗೆ ಮೊದಲು ಹೋದ ನಾಲ್ವರೂ ಕೆಲವೇ ವರ್ಷಗಳಲ್ಲಿ ಸತ್ತುಹೋದರು. ಆಮೇಲೆ ಹೋದವರಲ್ಲಿ ಆಂಡ್ರೆಯಾಸ್ ರೀಸ್ ಅನ್ನೋರು ಬದುಕಿ ಉಳಿದು, ಬೆಟ್ಟದ ಮೇಲಿನ ಅಕ್ರೊಪಾಂಗ್ ಎಂಬ ಊರಲ್ಲಿ ನೆಲೆ ನಿಂತರು. ವರ್ಷಗಟ್ಟಲೆ ಕೂತರೂ ಯಾರೂ ಸಭೆಗೆ ಸೇರ್ಲಿಲ್ಲ. ಅಲ್ಲಿನ ಅರಸ ಹೇಳಿದ್ದರ ಸಾರ ಇದು ಅಂತ ಆ ಕಡೆ ಈಗಲೂ ಹೇಳ್ತಾರೆ: ಈ ಪುಸ್ತಕ ಬಿಳಿಯರದ್ದು, ಓದಬಲ್ಲ ಕಪ್ಪು ಜನ ಯಾರಾದ್ರೂ ಇದ್ದರೆ ತೋರಿಸಿ, ಮತ್ತೆ ನೋಡುವ.

ಎಂಥ ಪ್ರಶ್ನೆ ಅಲ್ವಾ? ಬಾಸೆಲಿನವರು ಅದನ್ನು ತಳ್ಳಿಹಾಕ್ಲಿಲ್ಲ. ರೀಸ್ ಮತ್ತು ಜೊತೆಯವರು ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪವಾದ ಜಮೈಕಾಕ್ಕೆ ಹೋದರು. ಅಲ್ಲಿ ಗುಲಾಮಗಿರಿ ಪೂರ್ತಿ ಮುಗಿದು ನಾಲ್ಕೈದು ವರ್ಷ ಆಗಿತ್ತಷ್ಟೆ. ಹಡಗಿನಲ್ಲಿ ಸರಪಳಿ ಹಾಕಿ ತಂದವರ ಮಕ್ಕಳು, ಮೊಮ್ಮಕ್ಕಳು ಈಗ ಸ್ವತಂತ್ರರು. ಮೊರಾವಿಯನ್ ಸಭೆಯಲ್ಲಿ ಓದು ಬರಹ ಕಲಿತ ಕೆಲವು ಕುಟುಂಬಗಳು “ನಾವು ಬರ್ತೇವೆ” ಅಂದವು. ಐದು ವರ್ಷದ ಒಪ್ಪಂದ ಆಯಿತು. ಅಷ್ಟು ಕೆಲಸ ಮಾಡಿದ ಮೇಲೆ ಬೇಕಾದರೆ ವಾಪಸ್ ಹೋಗಬಹುದು, ಪ್ರಯಾಣದ ಖರ್ಚು ಮಿಷನ್ನಿನದ್ದು.

ಮಕ್ಕಳು ಮರಿ ಸೇರಿ ಎರಡು ಡಜನಿನಷ್ಟು ಜನ 1843ರ ಏಪ್ರಿಲಿನಲ್ಲಿ ಆಫ್ರಿಕದ ದಡಕ್ಕೆ ಇಳಿದರು. ಬರುವಾಗ ಸಸಿಗಳನ್ನೂ ತಂದಿದ್ದರು. ಅಕ್ರೊಪಾಂಗ್ ಕಡೆಗೆ ಮಾವು ಬಂದದ್ದು ಇವರಿಂದ ಅಂತ ಹೇಳ್ತಾರೆ. ನಮ್ಮ ಕಡೆಯ ಮಾವು ಕೆರಿಬಿಯನ್ನಿಗೆ ಹೋಗಿ, ಅಲ್ಲಿಂದ ಆಫ್ರಿಕಕ್ಕೆ ಹೋದದ್ದು!

ಅದೇ 1843ರ ಜುಲೈ 1ಕ್ಕೆ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು. ಅದು ನಮ್ಮ ಪರೀಕ್ಷೆಯಲ್ಲಿ ಒಂದು ಮಾರ್ಕಿನ ಪ್ರಶ್ನೆ. ಜಮೈಕಾದವರ ಕಥೆ ಯಾವ ಪರೀಕ್ಷೆಗೂ ಬರೋದಿಲ್ಲ.

(4/9)
ಆ ಹಡಗಿನಲ್ಲಿ ಒಬ್ಬ ಯುವತಿ ಇದ್ದರು. ಹೆಸರು ಕ್ಯಾಥರೀನ್ ಮಲ್ಗ್ರೇವ್.

ಅವರು ಹುಟ್ಟಿದ್ದು ಆಫ್ರಿಕದ ಅಂಗೋಲಾದಲ್ಲಿ. ಚಿಕ್ಕವಳಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. 1833ರಲ್ಲಿ ಆ ಹಡಗು ಜಮೈಕಾದ ಹತ್ತಿರ ಒಡೆಯಿತು. ಬದುಕಿದವರಲ್ಲಿ ಈ ಹುಡುಗಿಯೂ ಒಬ್ಬಳು. ಆಗ ಅಲ್ಲಿ ಗವರ್ನರ್ ಆಗಿದ್ದವರು ಲಾರ್ಡ್ ಮಲ್ಗ್ರೇವ್. ಅವರ ಹೆಂಡತಿ ಈಕೆಯನ್ನು ಹತ್ತಿರ ಇಟ್ಟುಕೊಂಡು ಸಾಕಿದರು. ಹೆಸರು ಬಂದದ್ದು ಹಾಗೆ. ಗವರ್ನರ್ ಇಂಗ್ಲೆಂಡಿಗೆ ವಾಪಸ್ ಹೊರಟಾಗ ಹುಡುಗಿ ಮೊರಾವಿಯನ್ನರ ಶಾಲೆ ಸೇರಿ, ಮುಂದೆ ಟೀಚರ್ ಆದಳು.

ಮಿಷನ್ನಿನ ಕೆಲಸಗಾರ ಜಾರ್ಜ್ ಥಾಂಪ್ಸನ್ ಎಂಬವರನ್ನು ಮದುವೆಯಾಗಿ ಆ ಹಡಗು ಹತ್ತಿದರು. ಥಾಂಪ್ಸನ್ ಕೂಡ ಆಫ್ರಿಕದಲ್ಲೇ ಹುಟ್ಟಿ ಬಾಸೆಲಿನಲ್ಲಿ ಓದಿದವರು. ಅಂದ್ರೆ ಕದ್ದುಕೊಂಡು ಹೋದ ಖಂಡಕ್ಕೇ ಕ್ಯಾಥರೀನ್ ಟೀಚರ್ ಆಗಿ ವಾಪಸ್ ಬಂದರು. ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು.

‘ಮಿಷನರಿ’ ಅಂದಾಗ ನಿಮ್ಮ ಕಣ್ಣಿಗೆ ಬರುವುದು ಟೋಪಿ ಹಾಕಿದ ಬಿಳಿ ಗಡ್ಡದವರು, ಹೌದಾ ಅಲ್ವಾ? ನನಗೂ ಹಾಗೇ ಇತ್ತು. ಇನ್ನು ಮೇಲೆ ಈಕೆಯನ್ನೂ ನೆನಪಿಟ್ಟುಕೊಳ್ಳಿ.

ಥಾಂಪ್ಸನ್ ಜೊತೆಗಿನ ಮದುವೆ ಉಳೀಲಿಲ್ಲ. ತಪ್ಪು ಅವರದ್ದು, ಮಿಷನ್ ಅವರನ್ನು ಕೆಲಸದಿಂದ ತೆಗೆಯಿತು. ಕ್ಯಾಥರೀನ್ ಇಬ್ಬರು ಮಕ್ಕಳೊಂದಿಗೆ ಒಬ್ಬರೇ ಉಳಿದರು. ಶಾಲೆ ಮಾತ್ರ ನಿಲ್ಲಿಸ್ಲಿಲ್ಲ.

(5/9)
1850ರಲ್ಲಿ ಜರ್ಮನಿಯಿಂದ ಯೊಹಾನ್ನೆಸ್ ಝಿಮ್ಮರ್‌ಮಾನ್ ಅಂತ ಯುವಕರೊಬ್ಬರು ಅಲ್ಲಿಗೆ ಬಂದರು. ಅಕ್ರಾ ಸುತ್ತಿನ ಗಾ ಭಾಷೆ ಕಲಿತು ಮುಂದೆ ಅದರ ವ್ಯಾಕರಣ ಬರೆದವರು, ಬೈಬಲನ್ನು ಆ ಭಾಷೆಗೆ ತಂದವರು ಇವರೇ. ನಮಗೆ ಕಿಟ್ಟೆಲ್ ಹೇಗೋ ಅವರಿಗೆ ಇವರು ಹಾಗೆ ಅಂದ್ಕೊಳ್ಳಿ.

1851ರ ಜೂನಿನಲ್ಲಿ ಝಿಮ್ಮರ್‌ಮಾನ್, ಕ್ಯಾಥರೀನ್ ಮದುವೆಯಾದರು. ಕಮಿಟಿಯನ್ನು ಮೊದಲೇ ಕೇಳ್ಲಿಲ್ಲ.

ಬಾಸೆಲ್ ಆಫೀಸಿನಲ್ಲಿ ಏನಾಗಿರಬಹುದು ಯೋಚಿಸಿ. ಭಾನುವಾರದ ಪ್ರಸಂಗದಲ್ಲಿ ಎಲ್ಲ ದೇಶದವರೂ ಒಂದೇ ಮನೆಯವರು. ಈಗ ಒಬ್ಬ ಮಿಷನರಿ ಅದನ್ನು ನಿಜ ಅಂತಲೇ ತಗೊಂಡು ಮದುವೆ ಮಾಡ್ಕೊಂಡಿದ್ದಾರೆ!

ಕಮಿಟಿ ಅವರನ್ನು ಕೆಲಸದಿಂದ ತೆಗೀಲಿಲ್ಲ. ಬದಲಿಗೆ ಷರತ್ತು ಹಾಕಿತು. ಅದರ ಸಾರ ಇಷ್ಟು: ಇನ್ನು ನೀವು ಆಫ್ರಿಕದವರು ಅಂತಲೇ ಲೆಕ್ಕ, ಯುರೋಪಿನವನು ಅನ್ನೋ ಹಕ್ಕು ಇಲ್ಲ, ಹೆಂಡತಿ ಮಕ್ಕಳನ್ನು ಕರ್ಕೊಂಡು ಈ ಕಡೆ ಬರೋ ಹಾಗಿಲ್ಲ.

ಈ ಷರತ್ತು ಓದಿದಾಗ ನನಗೆ ನಮ್ಮೂರಿನ ಒಂದು ಶಬ್ದ ನೆನಪಾಯ್ತು. ಬಹಿಷ್ಕಾರ. ಜಾತಿಯಿಂದ ಹೊರಗೆ ಹಾಕೋದು ಅಂತೇವಲ್ಲ, ಅದೇ. ಹೆಸರು ಮಾತ್ರ ಬೇರೆ.

ನ್ಯಾಯಕ್ಕೆ ಒಂದು ಮಾತು ಹೇಳ್ಬೇಕು. ಅವರು ಅನುಮತಿ ಕೇಳದೆ ಮದುವೆಯಾದದ್ದು ನಿಯಮದ ಪ್ರಕಾರ ತಪ್ಪೇ. ಆದ್ರೆ ನಿಯಮ ಮುರಿದದ್ದಕ್ಕೆ ಎಚ್ಚರಿಕೆ ಕೊಡಬಹುದು, ಸಂಬಳ ಹಿಡಿಯಬಹುದು. “ನೀನು ಇನ್ನು ನಮ್ಮವನಲ್ಲ” ಅಂತ ಹೇಳೋದು ಬೇರೆ ತರದ ಶಿಕ್ಷೆ.

ಝಿಮ್ಮರ್‌ಮಾನ್ ಷರತ್ತಿಗೆ ಒಪ್ಪಿದರು. ಅವರು ತೀರಿಕೊಂಡದ್ದು 1876ರಲ್ಲಿ. ಕ್ಯಾಥರೀನ್ 1891ರವರೆಗೆ ಇದ್ದರು.

(6/9)
ಈಗ ಮಂಗಳೂರಿಗೆ ವಾಪಸ್ ಬರುವ. ಆಫೀಸು ಅದೇ.

ಮಿಷನ್ನಿನವರ ಇಂಗ್ಲಿಷ್ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಅಂತ ಒಬ್ಬ ಸಾರಸ್ವತ ಬ್ರಾಹ್ಮಣ ಹುಡುಗ ಓದ್ತಿದ್ದರು. 1844ರ ಜನವರಿಯಲ್ಲಿ ದೀಕ್ಷಾಸ್ನಾನ ತಗೊಂಡರು. ಆಗ ವಯಸ್ಸು ಹತ್ತಿರ ಹತ್ತಿರ ಹತ್ತೊಂಬತ್ತು, ನಮ್ಮದೇ ಏಜ್ ಗ್ರೂಪ್. ಊರಲ್ಲಿ ದೊಡ್ಡ ಗಲಾಟೆ ಆಯ್ತು. ಆ ಕಾಲದಲ್ಲಿ ಜಾತಿ ಬಿಟ್ಟವನಿಗೆ ಮನೆ, ಬಳಗ, ಊಟದ ಪಂಕ್ತಿ ಎಲ್ಲ ಒಂದೇ ದಿನ ದೂರ. ಆಸ್ತಿಯ ಹಕ್ಕೂ ಹೋಗ್ತಿತ್ತು. ಮತ ಬದಲಿಸಿದರೂ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗೋದಿಲ್ಲ ಅಂತ ಕಾಯ್ದೆ ಬಂದದ್ದು 1850ರಲ್ಲಿ. ಬಿಸಿನೆಸ್ ಲಾ ನೋಟ್ಸಲ್ಲಿ ಸಿಗೋದಿಲ್ಲ, ನಾನೇ ಹುಡುಕಿದ್ದು.

ಆ ಮನೆಯವರ ನೋವನ್ನೂ ನಾವು ಹಗುರ ಮಾಡಬಾರದು. ಹತ್ತೊಂಬತ್ತರ ಮಗ ಮನೆಯಿಂದ ಹೊರಟುಹೋದರೆ ಯಾವ ತಂದೆ ತಾಯಿಗೆ ನಿದ್ದೆ ಬರ್ತದೆ?

1846ರಲ್ಲಿ ಮೊಗ್ಲಿಂಗ್ ಜೊತೆ ಆನಂದರಾವ್ ಬಾಸೆಲಿಗೆ ಹೋದರು. ಐದು ವರ್ಷ ಅಲ್ಲಿ ಓದಿದರು. 1851ರಲ್ಲಿ ಪಾದ್ರಿಯಾಗಿ ಅಭಿಷೇಕವಾಗಿ ಮಂಗಳೂರಿಗೆ ವಾಪಸ್ ಬಂದರು. ಬಲ್ಮಠದ ಸೆಮಿನರಿಯಲ್ಲಿ ಪಾಠ ಮಾಡಿದರು. ಮುಂದೆ ಕೊಡಗಿನಲ್ಲೂ ಕೆಲಸ ಮಾಡಿದರು. 

ಇಸವಿ ಗಮನಿಸಿದ್ರಾ? 1851. ಒಬ್ಬ ಭಾರತೀಯನನ್ನು ಪಾದ್ರಿ ಮಾಡಿದ ವರ್ಷವೇ ಝಿಮ್ಮರ್‌ಮಾನ್ ಮದುವೆಯ ಸುದ್ದಿಯೂ ಅದೇ ಮೇಜಿಗೆ ಬಂತು.

(7/9)
1860ರಲ್ಲಿ ಆನಂದರಾವ್ ಕೌಂಡಿನ್ಯರು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಇಲ್ಲಿ ಕಮಿಟಿ ಒಪ್ಪಿತು. ಹೆಣ್ಣು ಜರ್ಮನಿಯಿಂದ ಭಾರತಕ್ಕೆ ಬಂದರು. ಇನ್ನೂ ಬ್ರಿಟಿಷರ ಕಾಲ, 1857ರ ದಂಗೆ ಮುಗಿದು ಎರಡು ಮೂರು ವರ್ಷ ಆಗಿದೆಯಷ್ಟೆ. ಆ ಹೊತ್ತಿನಲ್ಲಿ ಭಾರತೀಯ ಗಂಡ, ಬಿಳಿ ಹೆಂಡತಿ. ಒಪ್ಪಿದ ಕಮಿಟಿಗೂ ಧೈರ್ಯ ಬೇಕಿತ್ತು, ಅದನ್ನು ಒಪ್ಪಲೇಬೇಕು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡ್ತೇವಲ್ಲ ಹಾಗೆ.

1851: ಜರ್ಮನ್ ಗಂಡ, ಆಫ್ರಿಕನ್ ಹೆಂಡತಿ. ಯುರೋಪಿನ ಬಾಗಿಲು ಬಂದ್.
1860: ಭಾರತೀಯ ಗಂಡ, ಜರ್ಮನ್ ಹೆಂಡತಿ. ಒಪ್ಪಿಗೆ.

ಇನ್‌ಸ್ಪೆಕ್ಟರ್ ಎರಡೂ ಸಲ ಒಬ್ಬರೇ, ಜೋಸೆಫ್ ಯೋಸೆನ್‌ಹಾನ್ಸ್. ವ್ಯತ್ಯಾಸ ಯಾಕೆ? ಒಂದು ಕಾರಣ ಆಗಲೇ ಹೇಳಿದೆ, ಅನುಮತಿ. ಒಂಬತ್ತು ವರ್ಷದ ಅಂತರವೂ ಉಂಟು. ಆದ್ರೆ ಅಷ್ಟೇನಾ? ನನಗೆ ಅನಿಸೋದು ಹೇಳ್ತೇನೆ, ತಪ್ಪಿದ್ರೆ ತಿದ್ದಿ. ಆನಂದರಾವ್ ಬ್ರಾಹ್ಮಣ ಮನೆತನದವರು, ಬಾಸೆಲಿನಲ್ಲೇ ಐದು ವರ್ಷ ಇದ್ದವರು. ಕ್ಯಾಥರೀನ್ ಗುಲಾಮರ ಹಡಗಿನಿಂದ ಬಂದವರು, ಗಂಡನಿಂದ ದೂರವಾದವರು. ಇಬ್ಬರೂ ಒಂದೇ ಸಭೆಯವರು. ಒಂದೇ ಮಿಷನ್ನಿಗೆ ದುಡಿದವರು. ಆದ್ರೂ “ಮೂಲದಲ್ಲಿ ಯಾರು?” ಅನ್ನೋ ಪ್ರಶ್ನೆ ಆ ಆಫೀಸಿನೊಳಗೂ ಇದ್ದಿರಬೇಕು.

ತಮಾಷೆ ಅಂದ್ರೆ, ಇದೇ ಮಿಷನ್ ನಮ್ಮೂರಲ್ಲಿ ಜಾತಿ ವಿಷಯಕ್ಕೆ ತುಂಬ ಕಟ್ಟುನಿಟ್ಟು. ಸಭೆಗೆ ಬರುವವನು ಜಾತಿಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಅಂತ ಅವರ ಪಟ್ಟು. ಜಾತಿ ತಪ್ಪು ಅಂತ ಇಲ್ಲಿ ಪಾಠ ಹೇಳಿದವರಿಗೆ ಅಲ್ಲಿ ತಮ್ಮದೇ ಜಾತಿ ಕಣ್ಣಿಗೆ ಕಾಣ್ಲಿಲ್ಲ.

(8/9)
ಹಾಗಾದ್ರೆ ಎಲ್ಲ ನಾಟಕನಾ? ಅಲ್ಲ. ಅಷ್ಟು ಸುಲಭಕ್ಕೆ ತೀರ್ಪು ಕೊಡೋಕೆ ನನಗೆ ಮನಸ್ಸಿಲ್ಲ.

ನಮ್ಮ ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಜಾಸ್ತಿ. ಸೇರಿದವರಿಗೆ ಹಳೇ ಕಸುಬು, ಹಳೇ ಒಕ್ಕಲು ಎರಡೂ ಕೈಬಿಡೋ ಪರಿಸ್ಥಿತಿ. ಅದಕ್ಕೆ ಮಿಷನ್ನಿನವರು ನೇಯ್ಗೆ ಶುರು ಮಾಡಿದರು, ಪ್ರೆಸ್ ಇತ್ತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಬೇರೆ ಬೇರೆ ಮನೆತನದಿಂದ ಬಂದವರು ಒಂದೇ ಆವೆಯ ಬಿಸಿಯಲ್ಲಿ ನಿಂತು ಕೆಲಸ ಮಾಡಿದರು. ನನ್ನ ಮುತ್ತಜ್ಜನೂ ಅಲ್ಲೇ ಇದ್ದದ್ದು ಅಂತ ಅಜ್ಜಿ ಹೇಳ್ತಾರೆ. ಮುತ್ತಜ್ಜ ಓದಿರ್ಲಿಲ್ಲ, ಅವರ ಮಕ್ಕಳು ಓದಿದರು. ಆ ಲೆಕ್ಕವನ್ನು ನಾನು ಅಳಿಸೋದಿಲ್ಲ.

ಇನ್ನೊಂದು ನೋಡಿ. 1914ಕ್ಕೆ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರು ದೇಶದವರು. ಇಲ್ಲಿ ಅವರನ್ನು ಹಿಡಿದಿಟ್ಟರು, ಆಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಗೋಲ್ಡ್ ಕೋಸ್ಟಿನಿಂದ 1917ರ ಡಿಸೆಂಬರಿನಲ್ಲಿ ಗಡೀಪಾರು ಮಾಡಿದರು. ಕಳಿಸುವ ಆಫೀಸಿನ ಕೈ ಅಲ್ಲಿಗೆ ತಲುಪದೇ ಹೋಯಿತು.

ಮುಂದಿನ ವರ್ಷ, 1918ರಲ್ಲಿ, ಅಲ್ಲಿನ ಸಭೆ ತನ್ನದೇ ಮುಖಂಡರನ್ನು ಆರಿಸಿತು. ಅಧ್ಯಕ್ಷರಾದವರು ಪೀಟರ್ ಹಾಲ್. ಕಾರ್ಯದರ್ಶಿಯಾದವರು ನಿಕೊಲಾಸ್ ಕ್ಲರ್ಕ್. ಯಾರು ಗೊತ್ತುಂಟಾ? 1843ರಲ್ಲಿ ಜಮೈಕಾದಿಂದ ಬಂದ ಜಾನ್ ಹಾಲ್, ಅಲೆಕ್ಸಾಂಡರ್ ಕ್ಲರ್ಕ್ ಅವರ ಮಕ್ಕಳು! ಐದು ವರ್ಷದ ಒಪ್ಪಂದ ಮುಗಿದಾಗ ಕೆಲವು ಕುಟುಂಬಗಳು ವಾಪಸ್ ಹೋಗಿದ್ದವು. ಈ ಎರಡು ಮನೆಯವರು ಉಳಿದಿದ್ದರು.

ಬೇರೆ ಬೇರೆ ಜನರ ಸಭೆ ಕಮಿಟಿಯ ಠರಾವಿನಿಂದ ಆಗಲಿಲ್ಲ ಅಂತ ನಾನು ಹೇಳೋದು ಇದಕ್ಕೇ. ಠರಾವು ಬರೆದವರು ಹೆದರಿದರು. ಆ ಮಾತನ್ನು ನಿಜ ಅಂತ ನಂಬಿ ಹಡಗು ಹತ್ತಿದವರು, ಮದುವೆಯಾದವರು, ಅಲ್ಲೇ ಉಳಿದವರು ಅದನ್ನು ಮಾಡಿ ತೋರಿಸಿದರು.

(9/9)
ಕೊನೆಯ ಫೋಟೋ ಮತ್ತೆ ಅದೇ ಹೆಂಚು. ಈ ಸಲ ಒಳಗಿನಿಂದ ತೆಗೆದದ್ದು, ಮಾಡಿನ ಸಂದಿಯಿಂದ ಬೆಳಕು ಬರ್ತದೆ ನೋಡಿ.

ಇದನ್ನು ಅಪ್ಪ ಓದ್ತಾರೆ, ನನ್ನ ಅಕೌಂಟ್ ಅವರಿಗೆ ಗೊತ್ತು. ಅದಕ್ಕೆ ನೇರ ಬರೀತೇನೆ. ಅಪ್ಪ, ನಿಮ್ಮ ಮೇಲೆ ಸಿಟ್ಟಿಲ್ಲ. ಬಾಸೆಲಿನ ದೊಡ್ಡ ದೊಡ್ಡವರಿಗೇ ಆ ಪ್ರಶ್ನೆ ಬಿಡ್ಲಿಕ್ಕೆ ಆಗ್ಲಿಲ್ಲ, ನಿಮಗೆ ಒಂದೇ ದಿನದಲ್ಲಿ ಆಗ್ಬೇಕು ಅಂತ ಹೇಗೆ ಹೇಳ್ಲಿ? ಆದ್ರೆ ಆ ಹುಡುಗನ ಅಜ್ಜನ ಅಜ್ಜನೂ ನಮ್ಮ ಮುತ್ತಜ್ಜನ ಹಾಗೇ ಆ ಪ್ರಶ್ನೆಯಿಂದ ತಪ್ಪಿಸ್ಕೊಳ್ಳಲಿಕ್ಕೆ ಈ ಸಭೆಗೆ ಬಂದಿರಬಹುದು ಅಲ್ವಾ? ಅವರು ಬಿಟ್ಟು ಬಂದದ್ದನ್ನು ನಾವು ಯಾಕೆ ಮತ್ತೆ ಎತ್ತಿ ಅವರ ಮೊಮ್ಮಕ್ಕಳ ತಲೆಗೆ ಕಟ್ಟಬೇಕು?

ಅಕ್ಕ ಮುಂದಿನ ತಿಂಗಳು ಬರ್ತಾಳೆ. ಅವರನ್ನೂ ಕರ್ಕೊಂಡು ಬರ್ತೇನೆ, ಒಂದು ಊಟಕ್ಕೆ ಅಷ್ಟೆ ಅಂತ ಹೇಳಿದ್ದಾಳೆ. ಅಮ್ಮ ಕೋರಿ ರೊಟ್ಟಿ ಮಾಡ್ತೇನೆ ಅಂದಿದ್ದಾರೆ. ಅಪ್ಪ ಇನ್ನೂ ಏನೂ ಹೇಳ್ಲಿಲ್ಲ. ಬೇಡ ಅಂತಲೂ ಹೇಳ್ಲಿಲ್ಲ.

ನೀವು ಕ್ರಿಶ್ಚಿಯನ್ ಆಗಿರ್ಬೇಕು ಅಂತ ಇಲ್ಲ, ಈ ಪ್ರಶ್ನೆ ಎಲ್ಲರ ಮನೆಯಲ್ಲೂ ಉಂಟು. ಕ್ಲಾಸಲ್ಲಿ ಟಿಫಿನ್ ಹಂಚಿ ತಿನ್ನೋವರು ನಾವು. ಮನೆಗೆ ಊಟಕ್ಕೆ ಕರೆದದ್ದು ಯಾರನ್ನು, ಕರೀದೆ ಬಿಟ್ಟದ್ದು ಯಾರನ್ನು ಅಂತ ಒಮ್ಮೆ ಸುಮ್ಮನೆ ಕೂತು ಲೆಕ್ಕ ಹಾಕಿ. ನನ್ನ ಲೆಕ್ಕ ನಾನು ಹಾಕಿದೆ. ಟ್ಯಾಲಿ ಆಗ್ಲಿಲ್ಲ ಮಾರಾಯ್ರೆ.

ಮುಂದಿನ ಹಳೇ ಲೆಕ್ಕ ಇಂಟರ್ನಲ್ಸ್ ಮುಗಿದ ಮೇಲೆ. ನಿಮ್ಮ ಮನೆ ಮಾಡಿನಲ್ಲೂ ಹಳೇ ಹೆಂಚು ಇದ್ದರೆ ಫೋಟೋ ತೆಗೆದು ಕಳಿಸಿ, ಅಚ್ಚು ಕಾಣೋ ಹಾಗೆ.

#ಹಳೇಲೆಕ್ಕ #ಮಂಗಳೂರು #ಬಾಸೆಲ್‌ಮಿಷನ್ #ಹೆಂಚು